ಬೆಲನೋಗ್ಲಾಸಸ್ ನಮ್ಮ ಅಜ್ಜನಲ್ಲ, ದಾಯಾದಿ

ಪ್ರಥಮ ಪಿಯುಸಿ ಜೀವಶಾಸ್ತ್ರದ ‘ಪ್ರಾಣಿ ಸಾಮ್ರಾಜ್ಯ’ ಅಧ್ಯಾಯವನ್ನು ಪಾಠ ಮಾಡಿದವರಿಗೆ ಹೆಮಿಕಾರ್ಡೇಟಾ ಎಂಬ ವಂಶ ಎಷ್ಟು ಬೇಗ ಮುಗಿದುಹೋಗುತ್ತದೆ ಎಂಬುದು ಗೊತ್ತಿದೆ. ಒಂದು ಚಿತ್ರ, ಕೆಲವು ಸಾಲು, ಎರಡು ಉದಾಹರಣೆ: ಬೆಲನೋಗ್ಲಾಸಸ್ ಮತ್ತು ಸ್ಯಾಕೋಗ್ಲಾಸಸ್. ಮೊದಲು ಇದನ್ನು ಕಾರ್ಡೇಟಾದ ಉಪವಂಶವೆಂದು ಎಣಿಸಿದ್ದರು, ಈಗ ಅಕಾರ್ಡೇಟ್‌ಗಳಲ್ಲಿ ಪ್ರತ್ಯೇಕ ವಂಶ ಎಂದು ಪುಸ್ತಕ ಹೇಳುತ್ತದೆ. ಯಾಕೆ ಹಾಗೆ ಎಣಿಸಿದ್ದರು, ಯಾಕೆ ಬದಲಾಯಿಸಿದರು ಎಂದು ಹೇಳುವುದಿಲ್ಲ. ನಾವೂ ಹೇಳುವುದಿಲ್ಲ. ‘ಈಗ ಪ್ರತ್ಯೇಕ ವಂಶ, ಬರೆದುಕೊಳ್ಳಿ’ ಎಂದು ಮುಂದಿನ ಪುಟಕ್ಕೆ ಹೋಗುತ್ತೇವೆ.

ಇದೇ ಅಧ್ಯಾಯದಲ್ಲಿ ಕಾರ್ಡೇಟ್ ಮತ್ತು ಅಕಾರ್ಡೇಟ್‌ಗಳ ಹೋಲಿಕೆಯ ಒಂದು ಕೋಷ್ಟಕವಿದೆ. ಐದು ಲಕ್ಷಣ, ಎರಡು ಕಂಬಸಾಲು. ಕಾರ್ಡೇಟ್‌ಗಳಿಗೆ ಗಂಟಲಿನಲ್ಲಿ ಕಿವಿರು ಸೀಳುಗಳಿರುತ್ತವೆ, ಅಕಾರ್ಡೇಟ್‌ಗಳಿಗೆ ಇರುವುದಿಲ್ಲ ಎಂಬುದು ಅದರಲ್ಲಿ ಒಂದು. ಆದರೆ ಕಾರ್ಡೇಟ್‌ಗಳಿಗಿಂತ ಸ್ವಲ್ಪವೇ ಮೊದಲು ಬಂದುಹೋದ ಹೆಮಿಕಾರ್ಡೇಟಾ ವಂಶದ ಹುಳು, ಪುಸ್ತಕದ ಪ್ರಕಾರವೇ, ಅಕಾರ್ಡೇಟ್; ಮತ್ತು ಪುಸ್ತಕದ ಪ್ರಕಾರವೇ ಕಿವಿರುಗಳಿಂದ ಉಸಿರಾಡುತ್ತದೆ. ಆ ಕಿವಿರುಗಳು ಇರುವುದು ಗಂಟಲಿನ ಸೀಳುಗಳಲ್ಲೇ. ಒಂದೇ ಅಧ್ಯಾಯ ಹೀಗೆ ತನ್ನ ಮಾತನ್ನೇ ತಾನು ಅಲ್ಲಗಳೆಯುತ್ತದೆ. ಎನ್‌ಸಿಇಆರ್‌ಟಿಯ ಹಳೆಯ ಒಂಬತ್ತನೇ ತರಗತಿ ವಿಜ್ಞಾನ ಪುಸ್ತಕವನ್ನೂ ಪಕ್ಕಕ್ಕಿಟ್ಟುಕೊಂಡರೆ ಗೊಂದಲ ಇನ್ನೂ ಹೆಚ್ಚುತ್ತದೆ. ಅಲ್ಲಿ ಬೆಲನೋಗ್ಲಾಸಸ್ ನೋಟೋಕಾರ್ಡ್ ಇರುವ ಪ್ರೋಟೋಕಾರ್ಡೇಟ್‌ಗಳಿಗೆ ಉದಾಹರಣೆ. ಒಂಬತ್ತರಲ್ಲಿ ಇದ್ದ ನೋಟೋಕಾರ್ಡ್ ಹನ್ನೊಂದಕ್ಕೆ ಬರುವಷ್ಟರಲ್ಲಿ ಎಲ್ಲಿ ಹೋಯಿತು?

ಈ ಗೊಂದಲವನ್ನು ಮುಚ್ಚಿಡುವ ಬದಲು ಅದನ್ನೇ ಪಾಠ ಮಾಡಬೇಕು ಎಂಬುದು ನನ್ನ ಅಭಿಪ್ರಾಯ. ವರ್ಗೀಕರಣ ಎಂದರೆ ಹೆಸರುಗಳ ಪಟ್ಟಿಯಲ್ಲ, ಸಾಕ್ಷ್ಯದ ಮೇಲೆ ನಿಂತ ವಾದ ಎಂಬುದನ್ನು ತೋರಿಸಲು ನಮ್ಮ ಪಠ್ಯಕ್ರಮದಲ್ಲಿ ಈ ಹುಳುವಿಗಿಂತ ಒಳ್ಳೆಯ ಪ್ರಾಣಿ ಸಿಗುವುದು ಕಷ್ಟ. ಅದರ ಜೊತೆಗೇ ಇನ್ನೊಂದು ಮಾತು: ‘ಬೆಲನೋಗ್ಲಾಸಸ್ ಅಕಶೇರುಕ ಮತ್ತು ಕಶೇರುಕಗಳ ನಡುವಿನ ಸಂಪರ್ಕ ಕೊಂಡಿ’ ಎಂಬ ವಾಕ್ಯವನ್ನು ನಾವು, ಕನಿಷ್ಠ ನಮ್ಮ ಬ್ಯಾಚಿನವರಾದರೂ, ಕಪ್ಪುಹಲಗೆಯ ಮೇಲೆ ಬರೆಯುವುದನ್ನು ಬಿಡಬೇಕು.

ಮೊದಲು ಹುಳುವಿನ ಪರಿಚಯ. ಇಂಗ್ಲಿಷಿನಲ್ಲಿ ಇದಕ್ಕೆ ಅಕಾರ್ನ್ ವರ್ಮ್ ಎನ್ನುತ್ತಾರೆ. ಅಕಾರ್ನ್ ಎಂದರೆ ಓಕ್ ಮರದ ಕಾಯಿ. ನಮ್ಮ ಮಕ್ಕಳಲ್ಲಿ ಅದನ್ನು ಕಂಡವರು ಯಾರೂ ಇಲ್ಲ, ನಾನೂ ಕಂಡಿಲ್ಲ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ ಬಂದ ಮಗುವಿಗೆ ಅದು ಬರೀ ಒಂದು ಶಬ್ದ. ಆದರೆ ಅಕಾರ್ನಿನ ವಿಶೇಷ ಅದು ಒಂದು ಬಟ್ಟಲಿನಲ್ಲಿ ಕೂತಂತೆ ಇರುವುದು, ಮತ್ತು ಅಂಥ ಕಾಯಿ ನಮ್ಮಲ್ಲೂ ಇದೆ. ತೊಟ್ಟಿನ ಎಸಳುಗಳು ಕಳಚದ ಹಸಿ ಅಡಿಕೆಕಾಯಿಯನ್ನು ನೋಡಿ. ಕಾಯಿಯ ಜಾಗದಲ್ಲಿ ಹುಳುವಿನ ಸೊಂಡಿಲು, ತೊಟ್ಟಿನ ಬಟ್ಟಲಿನ ಜಾಗದಲ್ಲಿ ಕೊರಳಪಟ್ಟಿ. ಅದರ ಹಿಂದೆ ಮೆತ್ತನೆಯ ಉದ್ದ ಮುಂಡವನ್ನು ಕಲ್ಪಿಸಿಕೊಂಡರೆ ಪ್ರಾಣಿ ಸಿದ್ಧ. ಬೆಲನೋಗ್ಲಾಸಸ್ ಎಂಬ ಗ್ರೀಕ್ ಮೂಲದ ಹೆಸರೂ ‘ಓಕ್ ಕಾಯಿಯಂಥ ನಾಲಗೆ’ ಎಂದೇ ಹೇಳುತ್ತದೆ. ಬೋಧನೋಪಕರಣಕ್ಕೆ ಥರ್ಮೋಕೋಲ್ ಹುಡುಕುವ ಅಗತ್ಯವಿಲ್ಲ, ಅಡಿಕೆಕಾಯಿ ಸಾಕು.

ಇದು ಸಮುದ್ರದ ತಳದ ಮರಳು ಮತ್ತು ಕೆಸರಿನಲ್ಲಿ ಬಿಲ ತೋಡಿ ಬದುಕುವ ಪ್ರಾಣಿ. ಸೊಂಡಿಲಿನ ಲೋಳೆಗೆ ಅಂಟಿದ ಕಣಗಳನ್ನು ಬಾಯಿಗೆ ಸಾಗಿಸುತ್ತದೆ. ಅನೇಕ ಪ್ರಭೇದಗಳು ಮರಳನ್ನೇ ನುಂಗಿ, ಅದರಲ್ಲಿನ ಸಾವಯವ ಅಂಶವನ್ನು ಹೀರಿ, ಉಳಿದದ್ದನ್ನು ಬಿಲದ ಹಿಂಬಾಗಿಲಿನಲ್ಲಿ ಹೊರಹಾಕುತ್ತವೆ. ನೀರು ಇಳಿದಾಗ ಮರಳಿನ ಮೇಲೆ ಚಕ್ಕುಲಿ ಒತ್ತಿದಂತೆ ಸುರುಳಿ ಕಾಣುತ್ತದೆ. ಬಾಯಿಯೊಳಗೆ ಬಂದ ನೀರು ಗಂಟಲಿನ ಎರಡೂ ಬದಿಯ ಸೀಳುಗಳಿಂದ ಹೊರಗೆ ಹೋಗುತ್ತದೆ. ಮೈಗೆ ಅಯೋಡೋಫಾರ್ಮ್‌ನಂಥ ವಾಸನೆ. ಕೆಲವು ಪ್ರಭೇದಗಳು ಬೆರಳುದ್ದವೂ ಇರುವುದಿಲ್ಲ. ಬ್ರೆಜಿಲ್ ಕರಾವಳಿಯ ಬೆಲನೋಗ್ಲಾಸಸ್ ಗೈಗಾಸ್ ಒಂದೂವರೆ ಮೀಟರಿಗೂ ಹೆಚ್ಚು ಬೆಳೆಯುತ್ತದೆ. ನಮ್ಮ ದೇಶದಲ್ಲಿ ತಮಿಳುನಾಡಿನ ಮನ್ನಾರ್ ಕೊಲ್ಲಿಯ ಕ್ರುಸಡೈ ದ್ವೀಪ ಈ ಗುಂಪಿನ ಟೈಕೋಡೆರಾ ಫ್ಲಾವಾ ಎಂಬ ಹುಳುವಿಗೆ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳ ನಡುವೆ ಹೆಸರಾದ ಜಾಗ. ನಮ್ಮಲ್ಲಿ ಹೆಚ್ಚಿನವರು ಇದನ್ನು ನೋಡಿರುವುದು ಬಿಎಸ್ಸಿ ಮ್ಯೂಸಿಯಮ್ಮಿನ ಫಾರ್ಮಲಿನ್ ಜಾಡಿಯಲ್ಲಿ, ಬಣ್ಣವೆಲ್ಲ ಬಿಟ್ಟು ನೆನೆದ ಹಗ್ಗದ ತುಂಡಿನಂತೆ.

ಈ ‘ಹಗ್ಗದ ತುಂಡು’ ಎರಡು ಶತಮಾನ ವಿಜ್ಞಾನಿಗಳನ್ನು ಆಡಿಸಿದ ಕಥೆಯನ್ನು ಪಾಠದಲ್ಲಿ ಹೇಳಬೇಕು ಎಂದು ನಾನು ಹಟ ಮಾಡುತ್ತೇನೆ. 1825ರಲ್ಲಿ ಎಶ್‌ಶೋಲ್ಟ್ಸ್ ಎಂಬ ಪ್ರಕೃತಿ ವಿಜ್ಞಾನಿ ಟೈಕೋಡೆರಾವನ್ನು ಮೊದಲು ವಿವರಿಸಿದಾಗ ಅದನ್ನು ಸಮುದ್ರ ಸೌತೆಯ ಗುಂಪಿಗೆ ಸೇರಿಸಿದ. 1850ರಲ್ಲಿ ಜರ್ಮನಿಯ ಯೊಹಾನೆಸ್ ಮ್ಯುಲರ್ ಸಮುದ್ರದ ನೀರಿನಲ್ಲಿ ತೇಲುವ ಒಂದು ಪುಟ್ಟ ಲಾರ್ವಾ ಕಂಡು ಟೊರ್ನೇರಿಯಾ ಎಂದು ಹೆಸರಿಟ್ಟ. ಅದು ನಕ್ಷತ್ರ ಮೀನಿನ ಮರಿ ಎಂದೇ ಅವನು ನಂಬಿದ್ದ. ನೋಡಲು ಅಷ್ಟು ಹೋಲಿಕೆ. ಸುಮಾರು ಇಪ್ಪತ್ತು ವರ್ಷದ ಮೇಲೆ ಇಲ್ಯಾ ಮೆಚ್ನಿಕಾಫ್ ಅದು ನಕ್ಷತ್ರ ಮೀನಿನದಲ್ಲ, ಬೆಲನೋಗ್ಲಾಸಸ್ ಹುಳುವಿನ ಲಾರ್ವಾ ಎಂದು ತೋರಿಸಿದ. ಬಿಳಿರಕ್ತಕಣಗಳು ರೋಗಾಣುಗಳನ್ನು ನುಂಗುವುದನ್ನು ಕಂಡುಹಿಡಿದು 1908ರಲ್ಲಿ ನೊಬೆಲ್ ಪಡೆದ ಮೆಚ್ನಿಕಾಫ್ ಇವನೇ. ಆ ಕೆಲಸ ಶುರುವಾದದ್ದೂ ನಕ್ಷತ್ರ ಮೀನಿನ ಲಾರ್ವಾದಲ್ಲೇ. ರೋಗನಿರೋಧಕತೆಯ ಪಾಠದಲ್ಲಿ ಬರುವ ಹೆಸರು ಇಲ್ಲಿ ಸಿಕ್ಕಾಗ ಮಕ್ಕಳ ಕಿವಿ ನಿಮಿರುತ್ತದೆ.

ಇದರ ನಡುವೆ 1866ರಲ್ಲಿ ರಷ್ಯಾದ ಅಲೆಕ್ಸಾಂಡರ್ ಕೊವಲೆವ್‌ಸ್ಕಿ ಹುಳುವಿನ ಗಂಟಲಿನ ರಂಧ್ರಗಳು ಕಿವಿರು ಸೀಳುಗಳೇ ಎಂದು ಗುರುತಿಸಿದ. ಮರಳಿನಲ್ಲಿ ಹೊರಳುವ, ಬೆನ್ನುಮೂಳೆಯಿಲ್ಲದ ಹುಳುವಿಗೆ ಮೀನಿನಂಥ ಸೀಳುಗಳು. ಈ ಸುದ್ದಿಯ ಬೆನ್ನು ಹತ್ತಿದವನು ವಿಲಿಯಂ ಬೇಟ್ಸನ್. ಕೇಂಬ್ರಿಜ್‌ನಲ್ಲಿ ಓದು ಮುಗಿಸಿ 1883 ಮತ್ತು 84ರ ಬೇಸಿಗೆಗಳಲ್ಲಿ ಅಮೆರಿಕದ ಪೂರ್ವ ಕರಾವಳಿಗೆ ಹೋಗಿ ಈ ಹುಳುವಿನ ಭ್ರೂಣ ಬೆಳವಣಿಗೆಯನ್ನು ಹಂತ ಹಂತವಾಗಿ ನೋಡಿದ. ಆಗ ಅವನಿಗೆ ಇಪ್ಪತ್ತೆರಡು-ಇಪ್ಪತ್ಮೂರು. ನಾವು ಪಾಠಯೋಜನೆಯ ಅಂಚಿಗೆ ಗೆರೆ ಎಳೆಯುವ ವಯಸ್ಸು. ಅವನು ಕಿವಿರು ಸೀಳು ಕಂಡ, ಬೆನ್ನಿನ ಕಡೆಯ ನರಹುರಿ ಕಂಡ, ಬಾಯಿಯ ಛಾವಣಿಯಿಂದ ಸೊಂಡಿಲಿನೊಳಗೆ ಚಾಚಿದ ಒಂದು ಗಟ್ಟಿ ಚೀಲ ಕಂಡು ಇದೇ ನೋಟೋಕಾರ್ಡ್ ಎಂದ. ಮೂರೂ ಲಕ್ಷಣ ಸೇರಿತಲ್ಲ. 1885ರಲ್ಲಿ ಹೆಮಿಕಾರ್ಡೇಟಾ, ಅಂದರೆ ‘ಅರೆ ಕಾರ್ಡೇಟ್’, ಎಂದು ಹೆಸರಿಟ್ಟು ಕಾರ್ಡೇಟ್‌ಗಳ ಒಳಗೆ ಕೂರಿಸಿದ. ಮುಂದೆ ಈತನೇ ಮೆಂಡಲನ ಪಕ್ಷ ವಹಿಸಿ, 1905ರಲ್ಲಿ ಜೆನೆಟಿಕ್ಸ್ ಎಂಬ ಪದವನ್ನು ಸೃಷ್ಟಿಸಿದ್ದು.

ಈ ಮೂರು ಸಾಕ್ಷ್ಯಗಳು ಮುಂದೆ ಏನಾದವು ಎಂಬುದೇ ನಿಜವಾದ ಪಾಠ. ಪುಸ್ತಕ ಬಿಟ್ಟಿರುವುದೂ ಇದನ್ನೇ.

ನೋಟೋಕಾರ್ಡ್ ಎಂದು ಅವನು ಕರೆದದ್ದಕ್ಕೆ ಈಗ ಸ್ಟೋಮೋಕಾರ್ಡ್ ಎಂಬ ಹೆಸರಿದೆ. ನಮ್ಮ ಭ್ರೂಣದ ನೋಟೋಕಾರ್ಡ್ ನರಕೊಳವೆಯ ಕೆಳಗೆ, ಬೆನ್ನಿನ ಉದ್ದಕ್ಕೂ ಹಾಯುವ ದಂಡ. ಸ್ಟೋಮೋಕಾರ್ಡ್ ಬಾಯಿಯ ಗೋಡೆಯ ಒಂದು ಚಿಕ್ಕ ಚಾಚು, ಸೊಂಡಿಲಿನ ಬುಡಕ್ಕೇ ಮುಗಿಯುತ್ತದೆ. ಲಿಬ್ಬಿ ಹೈಮನ್ ಅಕಶೇರುಕಗಳ ಬಗ್ಗೆ ಬರೆದ ತಮ್ಮ ಮಹಾಗ್ರಂಥದ 1959ರ ಸಂಪುಟದಲ್ಲಿ ಇದನ್ನು ನೋಟೋಕಾರ್ಡ್ ಎನ್ನಲು ಒಪ್ಪದೆ ಹೆಮಿಕಾರ್ಡೇಟಾವನ್ನು ಕಾರ್ಡೇಟಾದಿಂದ ಹೊರಗಿಟ್ಟು ಸ್ವತಂತ್ರ ವಂಶವಾಗಿಯೇ ವಿವರಿಸಿದರು. ಪುಸ್ತಕದ ‘ಈಗ ಪ್ರತ್ಯೇಕ ವಂಶ’ ಎಂಬ ಮಾತಿನ ಹಿಂದೆ ಇರುವುದು ಈ ವಾದ. ಜೀನ್‌ಗಳ ಕಾಲ ಬಂದ ಮೇಲೆ ಇನ್ನೊಂದು ಪರೀಕ್ಷೆ ಸಾಧ್ಯವಾಯಿತು. ಕಾರ್ಡೇಟ್‌ಗಳಲ್ಲಿ ನೋಟೋಕಾರ್ಡ್ ರೂಪುಗೊಳ್ಳುವಾಗ ಬ್ರಾಕಿಯುರಿ ಎಂಬ ಜೀನ್ ಅಲ್ಲಿ ಕೆಲಸ ಮಾಡುತ್ತದೆ. 1999ರಲ್ಲಿ ಟೈಕೋಡೆರಾದಲ್ಲಿ ಅದನ್ನು ಹುಡುಕಿದಾಗ ಸ್ಟೋಮೋಕಾರ್ಡ್‌ನಲ್ಲಿ ಅದು ಕೆಲಸ ಮಾಡುತ್ತಿರಲಿಲ್ಲ. ಅಂದ ಮೇಲೆ ಸ್ಟೋಮೋಕಾರ್ಡ್ ‘ನೋಟೋಕಾರ್ಡ್‌ನಂಥ ರಚನೆ’ ಎಂದು ಇವತ್ತಿಗೂ ಪುಸ್ತಕದಲ್ಲಿ ಉಳಿಸಿಕೊಂಡಿರುವುದು ನನಗೆ ಸರಿ ಕಾಣುವುದಿಲ್ಲ. ಹೆಸರಿನ ಬಾಲ ಒಂದೇ ಎಂಬುದನ್ನು ಬಿಟ್ಟರೆ ಹೋಲಿಕೆಗೆ ಆಧಾರ ತೆಳುವಾಗಿದೆ.

ಕಿವಿರು ಸೀಳಿನ ಸಾಕ್ಷ್ಯ ಇದಕ್ಕೆ ತದ್ವಿರುದ್ಧವಾಗಿ ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತ ಬಂದಿದೆ. ಹುಳುವಿನ ಸೀಳುಗಳು ಯು ಆಕಾರದವು. ಆಂಫಿಯಾಕ್ಸಸ್‌ನಲ್ಲೂ ಹಾಗೆಯೇ, ನಡುವೆ ನಾಲಗೆಯಂಥ ಪಟ್ಟಿ ಇಳಿದಿರುತ್ತದೆ. 2015ರಲ್ಲಿ ಸ್ಯಾಕೋಗ್ಲಾಸಸ್ ಮತ್ತು ಟೈಕೋಡೆರಾ ಎರಡರ ಜೀನೋಮ್ ಪ್ರಕಟವಾಯಿತು. ಅದರಲ್ಲಿ ಗಂಟಲಿಗೆ ಸಂಬಂಧಿಸಿದ ಆರು ಜೀನ್‌ಗಳ ಒಂದು ಗೊಂಚಲು ಕಾರ್ಡೇಟ್‌ಗಳಲ್ಲಿ ಇರುವಂತೆಯೇ ಒಟ್ಟಿಗೆ ಉಳಿದಿರುವುದು ಕಂಡಿತು. ಆ ಗೊಂಚಲಿನ ಪ್ಯಾಕ್ಸ್ 1/9 ಎಂಬ ಜೀನ್ ಹುಳುವಿನಲ್ಲಿ ಕಿವಿರು ಸೀಳುಗಳ ಬಳಿ ಕೆಲಸ ಮಾಡುತ್ತದೆ. ಅದರ ಬಂಧು ಪ್ಯಾಕ್ಸ್ 9 ನಮ್ಮಲ್ಲೂ ಇದೆ. ಇಲಿಯಲ್ಲಿ ಅದನ್ನು ಇಲ್ಲವಾಗಿಸಿದರೆ ಥೈಮಸ್ ಇಲ್ಲ, ಪ್ಯಾರಾಥೈರಾಯ್ಡ್ ಇಲ್ಲ, ಹಲ್ಲೂ ಇಲ್ಲ. ಮನುಷ್ಯರಲ್ಲಿ ಅದು ಕೆಟ್ಟರೆ ಕೆಲವು ದವಡೆ ಹಲ್ಲುಗಳು ಹುಟ್ಟುವುದೇ ಇಲ್ಲ. ಥೈಮಸ್ ಮತ್ತು ಪ್ಯಾರಾಥೈರಾಯ್ಡ್ ಗ್ರಂಥಿಗಳು ನಮ್ಮ ಭ್ರೂಣದ ಗಂಟಲಿನ ಚೀಲಗಳಿಂದ ಬೆಳೆಯುತ್ತವೆ. ಕಿವಿಯನ್ನು ಗಂಟಲಿಗೆ ಸೇರಿಸುವ ನಾಳವೂ ಅಲ್ಲಿಂದಲೇ. ನೆಗಡಿ ಬಂದಾಗ ಕಿವಿ ಕಟ್ಟಿಕೊಳ್ಳುವುದು ಎಲ್ಲ ಮಕ್ಕಳಿಗೂ ಗೊತ್ತು. ಆ ದಾರಿಯ ಮೂಲವೂ ಮರಳಿನ ಹುಳುವಿನ ಸೀಳಿನ ಮೂಲವೂ ಒಂದೇ ಎಂದು ಹೇಳಿದರೆ ಕೊನೆಯ ಬೆಂಚಿನವರೂ ತಲೆ ಎತ್ತುತ್ತಾರೆ.

ನರಮಂಡಲದ ವಿಷಯ ಇವೆರಡರ ನಡುವೆ ಇದೆ. ಹುಳುವಿಗೆ ಬೆನ್ನಿನ ಕಡೆಯೂ ಹೊಟ್ಟೆಯ ಕಡೆಯೂ ನರಹುರಿ ಇದೆ, ಚರ್ಮದಡಿ ಎಲ್ಲೆಡೆ ನರಬಲೆಯೂ ಇದೆ, ಮಿದುಳು ಎನ್ನುವಂಥದ್ದು ಇಲ್ಲ. ಆದರೆ 2003ರಲ್ಲಿ ಸ್ಯಾಕೋಗ್ಲಾಸಸ್‌ನಲ್ಲಿ 22 ಜೀನ್‌ಗಳನ್ನು ಪರೀಕ್ಷಿಸಿದಾಗ, ಕಶೇರುಕಗಳ ಮಿದುಳಿನಲ್ಲಿ ಮುಂದಿನಿಂದ ಹಿಂದಕ್ಕೆ ಯಾವ ಕ್ರಮದಲ್ಲಿ ಅವು ಕೆಲಸ ಮಾಡುತ್ತವೆಯೋ ಅದೇ ಕ್ರಮದಲ್ಲಿ ಹುಳುವಿನ ಮೈಸುತ್ತ ಉಂಗುರಗಳಂತೆ ಕೆಲಸ ಮಾಡುತ್ತಿದ್ದವು. ನಕ್ಷೆ ಹಳೆಯದು, ಅದರ ಮೇಲೆ ಕಟ್ಟಿದ ಮನೆಗಳು ಬೇರೆ ಬೇರೆ.

ಹಾಗಾದರೆ ಈ ಹುಳು ಯಾರಿಗೆ ಹತ್ತಿರ? ಉತ್ತರ ಮಕ್ಕಳಿಗಿರಲಿ, ನಮಗೇ ಆಶ್ಚರ್ಯ ತರುವಂಥದ್ದು: ನಕ್ಷತ್ರ ಮೀನಿಗೆ. ಟೊರ್ನೇರಿಯಾ ಲಾರ್ವಾದ ಹೋಲಿಕೆ ನೋಡಿ ಮೆಚ್ನಿಕಾಫ್ 1881ರಲ್ಲೇ ಇವೆರಡನ್ನೂ ಒಂದು ಗುಂಪಿಗೆ ಸೇರಿಸಿ ಆಂಬುಲಕ್ರೇರಿಯಾ ಎಂದಿದ್ದ. ನೂರು ವರ್ಷಕ್ಕೂ ಮೇಲೆ, 1990ರ ದಶಕದಿಂದ ನಡೆದ ಡಿಎನ್‌ಎ ಹೋಲಿಕೆಗಳು ಅದನ್ನೇ ಎತ್ತಿಹಿಡಿದವು. ನಕ್ಷತ್ರ ಮೀನಿಗೆ ಕಿವಿರು ಸೀಳು ಇಲ್ಲವಲ್ಲ ಎಂದರೆ, ಅದರ ಪೂರ್ವಜರಲ್ಲಿ ಇದ್ದು ಮುಂದೆ ಕಳೆದುಹೋಗಿದೆ ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ. ಅಂದರೆ ಕಿವಿರು ಸೀಳು ಕಾರ್ಡೇಟ್‌ಗಳ ಸ್ವಂತ ಆಸ್ತಿಯಲ್ಲ, ಅದಕ್ಕೂ ಹಿಂದಿನ ಪಿತ್ರಾರ್ಜಿತ. ಮರದ ಇನ್ನೂ ಆಳದ ಕವಲುಗಳ ಬಗ್ಗೆ ಚರ್ಚೆ ನಿಂತಿಲ್ಲ. ನಾವು ಡ್ಯೂಟರೋಸ್ಟೋಮ್ ಎಂದು ಕಣ್ಣುಮುಚ್ಚಿ ಬರೆಸುವ ಗುಂಪಿಗೆ ಸಾಕಷ್ಟು ಬೆಂಬಲವಿದೆಯೇ ಎಂದು 2021ರ ಒಂದು ಅಧ್ಯಯನ ಪ್ರಶ್ನಿಸಿದೆ. ಪಿಯುಸಿಗೆ ಅದು ಬೇಡ. ಕಲಿಸುವವರಿಗೆ ಗೊತ್ತಿದ್ದರೆ ಸಾಕು.

ಈಗ ‘ಸಂಪರ್ಕ ಕೊಂಡಿ’ಯ ವಿಷಯಕ್ಕೆ ಬರುತ್ತೇನೆ. ಗೈಡುಗಳಲ್ಲಿ ಒಂದು ಪಟ್ಟಿ ಇರುತ್ತದೆ: ಆರ್ಕಿಯಾಪ್ಟೆರಿಕ್ಸ್, ಪೆರಿಪೇಟಸ್, ಪ್ಲಾಟಿಪಸ್, ಬೆಲನೋಗ್ಲಾಸಸ್. ಇವನ್ನು ಒಂದೇ ಸಾಲಿನಲ್ಲಿ ನಿಲ್ಲಿಸುವುದೇ ತಪ್ಪು. ಆರ್ಕಿಯಾಪ್ಟೆರಿಕ್ಸ್ ಸುಮಾರು 15 ಕೋಟಿ ವರ್ಷದ ಹಿಂದಿನ ಪಳೆಯುಳಿಕೆ. ಹಕ್ಕಿಗಳ ಇತಿಹಾಸದ ಆರಂಭದ ಕಾಲದ ಪ್ರಾಣಿ, ಹಲ್ಲೂ ಗರಿಯೂ ಎರಡೂ ಇದ್ದದ್ದು. ಉಳಿದ ಮೂರು ಇವತ್ತು ಬದುಕಿರುವ ಪ್ರಾಣಿಗಳು. ಇವತ್ತು ಬದುಕಿರುವ ಪ್ರಾಣಿ ಇವತ್ತು ಬದುಕಿರುವ ಇನ್ನೆರಡು ಗುಂಪುಗಳ ನಡುವಿನ ಮೆಟ್ಟಿಲಾಗುವುದು ಹೇಗೆ? ಕೆನಡಾದ ಬರ್ಜೆಸ್ ಶೇಲ್ ಬಂಡೆಗಳಲ್ಲಿ ಸಿಕ್ಕ ಸ್ಪಾರ್ಟೋಬ್ರಾಂಕಸ್ ಎಂಬ ಪಳೆಯುಳಿಕೆಯನ್ನು 2013ರಲ್ಲಿ ವಿವರಿಸಿದರು. ಸುಮಾರು 50 ಕೋಟಿ ವರ್ಷ ಹಳೆಯದು. ಸೊಂಡಿಲು, ಕೊರಳಪಟ್ಟಿ, ಮುಂಡ ಎಲ್ಲವೂ ಇರುವ ಅಕಾರ್ನ್ ಹುಳುವೇ. ಆದರೆ ಅದು ಕೊಳವೆಯೊಳಗೆ ವಾಸವಾಗಿತ್ತು, ಇವತ್ತಿನವು ಹಾಗಿಲ್ಲ. ಅಂದರೆ ಈ ಕವಲು ಅಷ್ಟು ಹಿಂದೆಯೇ ಬೇರೆಯಾಗಿ, ತನ್ನದೇ ದಾರಿಯಲ್ಲಿ ಬದಲಾಗುತ್ತ ಬಂದಿದೆ. ನಮಗೆ ಎಷ್ಟು ಕಾಲ ಸಿಕ್ಕಿದೆಯೋ ಅಷ್ಟೇ ಕಾಲ ಅದಕ್ಕೂ ಸಿಕ್ಕಿದೆ.

ನಮ್ಮ ಭಾಷೆಯಲ್ಲಿ ಇದಕ್ಕೆ ಬಹಳ ಸರಿಯಾದ ಪದವೊಂದಿದೆ: ದಾಯಾದಿ. ದಾಯಾದಿ ನಮ್ಮ ಅಜ್ಜನಲ್ಲ, ಅಪ್ಪನಲ್ಲ. ಮುತ್ತಜ್ಜ ಒಬ್ಬನೇ, ಮನೆ ಬೇರೆಯಾಗಿ ಎಷ್ಟೋ ತಲೆಮಾರು ಕಳೆದಿದೆ. ಮುತ್ತಜ್ಜನ ಮೂಗು ಅವರ ಮನೆಯಲ್ಲಿ ಉಳಿದಿರಬಹುದು, ನಮ್ಮಲ್ಲಿ ಬದಲಾಗಿರಬಹುದು, ಇನ್ನೊಂದು ಮನೆಯಲ್ಲಿ ಪೂರ್ತಿ ಹೋಗಿರಬಹುದು. ಎಲ್ಲ ಮನೆಗಳಲ್ಲಿ ಉಳಿದದ್ದನ್ನು ಜೋಡಿಸಿ ನೋಡಿದರೆ ಮುತ್ತಜ್ಜ ಹೇಗಿದ್ದ ಎಂದು ಊಹಿಸಬಹುದು. ಬೆಲನೋಗ್ಲಾಸಸ್ ನಮಗೆ ಉಪಯೋಗವಾಗುವುದು ಹಾಗೆ. (ಆಸ್ತಿ ವ್ಯಾಜ್ಯದ ನೆನಪು ಬರುತ್ತದೆ ಎನ್ನುವವರು ದೊಡ್ಡಪ್ಪನ ಮಕ್ಕಳು ಎಂದು ಹೇಳಿಕೊಳ್ಳಬಹುದು.)

ಇಂಟರ್ನ್‌ಶಿಪ್‌ನಲ್ಲಿ ನನಗೆ ಈ ಅಧ್ಯಾಯದ ಎರಡು ಅವಧಿ ಸಿಕ್ಕಿತ್ತು. ಒಂದು ಅವಧಿಯನ್ನು ಇದೊಂದಕ್ಕೇ ಇಟ್ಟೆ. ಪುಸ್ತಕದ ಕೋಷ್ಟಕವನ್ನು ಹಲಗೆಯ ಮೇಲೆ ಬರೆದು ಪಕ್ಕದಲ್ಲಿ ಮೂರನೇ ಕಂಬಸಾಲು ಎಳೆದು ತಲೆಬರಹ ‘ಬೆಲನೋಗ್ಲಾಸಸ್ ಮತ್ತು ಬಂಧುಗಳು’ ಎಂದು ಹಾಕಿದೆ. ಹುಳುವಿನ ಬಗ್ಗೆ ಗೊತ್ತಿರುವುದನ್ನೆಲ್ಲ ಅರ್ಧ ಪುಟದಲ್ಲಿ ಕೊಟ್ಟು ಮಕ್ಕಳಿಂದಲೇ ತುಂಬಿಸಿದೆ. ನೋಟೋಕಾರ್ಡ್: ಇಲ್ಲ. ನರಹುರಿ: ಎರಡೂ ಕಡೆ, ಕೆಲವು ಪ್ರಭೇದಗಳಲ್ಲಿ ಕೊರಳಿನ ಭಾಗದಲ್ಲಿ ಟೊಳ್ಳು. ಕಿವಿರು ಸೀಳು: ಇದೆ. ಹೃದಯ: ಬೆನ್ನಿನ ಕಡೆ. ಗುದದ ಹಿಂದೆ ಬಾಲ: ದೊಡ್ಡದಕ್ಕೆ ಇಲ್ಲ, ಸ್ಯಾಕೋಗ್ಲಾಸಸ್ ಮರಿಗೆ ಇದೆ. ಹುಳು ಯಾವ ಕಂಬಸಾಲಿಗೂ ಸರಿಹೋಗಲಿಲ್ಲ. ಒಬ್ಬ ಹುಡುಗ ಕೇಳಿದ, “ಹಂಗಾದ್ರೆ ಬುಕ್ಕೇ ತಪ್ಪಾ ಮೇಡಂ?”

ನನಗೆ ಬೇಕಿದ್ದ ಪ್ರಶ್ನೆ ಅದೇ. ಕಾರ್ಡೇಟ್ ಎಂಬುದು ಒಂದು ಮನೆತನ, ಅಕಾರ್ಡೇಟ್ ಎಂಬುದು ಮನೆತನವಲ್ಲ ಎಂದು ಹೇಳಿದೆ. ‘ನಮ್ಮೂರಿನವರಲ್ಲದವರು’ ಎಂದರೆ ಅದೊಂದು ಊರಾಗುತ್ತದೆಯೇ? ಸ್ಪಂಜು, ಎರೆಹುಳು, ಜೇಡ, ನಕ್ಷತ್ರ ಮೀನು ಎಲ್ಲರನ್ನೂ ಒಂದು ಕಂಬಸಾಲಿಗೆ ತುಂಬಿ ಅವರ ಲಕ್ಷಣ ಇಷ್ಟೇ ಎಂದರೆ ಯಾರಾದರೊಬ್ಬರು ಹೊರಗೆ ಬಂದೇ ಬರುತ್ತಾರೆ. ಕೋಷ್ಟಕ ಓದಲು ಅನುಕೂಲಕ್ಕೆ ಮಾಡಿದ್ದು, ಪ್ರಾಣಿಗಳು ಅದನ್ನು ಓದಿಕೊಂಡು ಹುಟ್ಟಿದವಲ್ಲ. ಆಮೇಲೆ ಒಬ್ಬಳು ಕೇಳಿದ ಪ್ರಶ್ನೆ ನಮಗೆಲ್ಲ ಪರಿಚಿತ: ಮಂಗನಿಂದ ಮನುಷ್ಯ ಆದರೆ ಈಗಲೂ ಮಂಗ ಯಾಕಿದೆ? ಹತ್ತು ನಿಮಿಷದ ಹಿಂದೆ ದಾಯಾದಿಗಳ ಮರವನ್ನು ಹಲಗೆಯ ಮೇಲೆ ಬರೆದಿದ್ದರಿಂದ ಉತ್ತರ ಅವಳ ಪಕ್ಕದಲ್ಲಿ ಕೂತವಳಿಂದಲೇ ಬಂತು.

ವೀಕ್ಷಣೆಗೆ ಬಂದಿದ್ದ ಹಿರಿಯರೊಬ್ಬರು ಪುಸ್ತಕದಲ್ಲಿ ಬರೆದ ಅಭಿಪ್ರಾಯದ ತಿರುಳು: ಪಾಠ ಚೆನ್ನಾಗಿದೆ, ಆದರೆ ಒಂದು ಅಂಕದ ಪ್ರಾಣಿಗೆ ಒಂದು ಅವಧಿ ಹೆಚ್ಚಾಯಿತು. ಸಹಪಾಠಿಗಳು ಇನ್ನೊಂದು ಆಕ್ಷೇಪ ಎತ್ತಿದರು: ಮೊದಲೇ ಇಂಗ್ಲಿಷ್ ಮಾಧ್ಯಮಕ್ಕೆ ಬಂದು ತತ್ತರಿಸಿರುವ ಮಕ್ಕಳಿಗೆ ‘ಪುಸ್ತಕದಲ್ಲಿ ಹೀಗಿದೆ, ಆದರೆ’ ಎಂದು ಶುರು ಮಾಡಿದರೆ ಅವರು ಪರೀಕ್ಷೆಯಲ್ಲಿ ಏನು ಬರೆಯಬೇಕು? ಎರಡೂ ಸುಳ್ಳಲ್ಲ. ಅಧ್ಯಾಯ ದೊಡ್ಡದು, ಅವಧಿ ಕಡಿಮೆ, ನೀಟ್ ತಲೆಯ ಮೇಲೆ ಕೂತಿದೆ. ಮೊದಲನೆಯದಕ್ಕೆ ನನ್ನ ಉತ್ತರ ಇಷ್ಟು: ಆ ಒಂದು ಅವಧಿ ಹುಳುವಿಗೆ ಕೊಟ್ಟದ್ದಲ್ಲ. ನೋಟೋಕಾರ್ಡ್, ನರಹುರಿ, ಕಿವಿರು ಸೀಳು, ಬಾಲ ಎಲ್ಲವೂ ಅಲ್ಲೇ ಬಂದವು. ಮರುದಿನ ಕಾರ್ಡೇಟಾ ವಂಶವನ್ನು ಶುರು ಮಾಡುವಾಗ ಅವನ್ನು ಮತ್ತೆ ಹೇಳಬೇಕಾಗಲಿಲ್ಲ. ಎರಡನೆಯದಕ್ಕೆ: ಗೊಂದಲವನ್ನು ನಾನು ತಂದದ್ದಲ್ಲ, ಅದು ಪುಸ್ತಕದಲ್ಲೇ ಇದೆ. ಬಾಯಿಪಾಠ ಮಾಡುವ ಮಗು ಎರಡೂ ಹೇಳಿಕೆಗಳನ್ನು ಕಲಿತು, ಒಂದಕ್ಕೊಂದು ತಾಗದಂತೆ ತಲೆಯಲ್ಲಿ ಇಟ್ಟುಕೊಳ್ಳುತ್ತದೆ. ಅದನ್ನು ಸ್ಪಷ್ಟತೆ ಎನ್ನಲು ನನಗೆ ಮನಸ್ಸಿಲ್ಲ. ಪರೀಕ್ಷೆಯಲ್ಲಿ ಪುಸ್ತಕದ ಉತ್ತರವನ್ನೇ ಬರೆಯಿರಿ, ಅದು ಯಾಕೆ ಪುಸ್ತಕದಲ್ಲಿದೆ ಎಂಬುದನ್ನು ತಿಳಿದು ಬರೆಯಿರಿ ಎಂದು ಹೇಳಿದರೆ ಪಿಯುಸಿ ಮಕ್ಕಳಿಗೆ ಅರ್ಥವಾಗುತ್ತದೆ. ಅವರು ನಾವು ಅಂದುಕೊಂಡದ್ದಕ್ಕಿಂತ ಜಾಣರು.

ನಮ್ಮ ಬಿಎಸ್ಸಿಯಲ್ಲೂ ‘ಬೆಲನೋಗ್ಲಾಸಸ್‌ನ ಬಾಂಧವ್ಯಗಳು’ ಎಂಬ ಹತ್ತು ಅಂಕದ ಪ್ರಬಂಧ ಇತ್ತು. ವಲಯವಂತಗಳೊಂದಿಗೆ ಇಷ್ಟು ಹೋಲಿಕೆ, ಕಂಟಕಚರ್ಮಿಗಳೊಂದಿಗೆ ಇಷ್ಟು, ಕಾರ್ಡೇಟ್‌ಗಳೊಂದಿಗೆ ಇಷ್ಟು ಎಂದು ಸಾಲು ಸಾಲಾಗಿ ಬರೆದು ಕೊನೆಗೆ ಸ್ಥಾನ ಅನಿಶ್ಚಿತ ಎಂದು ಮುಗಿಸುತ್ತಿದ್ದೆವು. ಮೈ ಉದ್ದಗಿದೆ ಎಂಬ ಹೋಲಿಕೆಗೂ ಲಾರ್ವಾ ಒಂದೇ ತರಹ ಇದೆ ಎಂಬ ಹೋಲಿಕೆಗೂ ಒಂದೇ ತೂಕ. ಮರಳಲ್ಲಿ ಬಿಲ ತೋಡಿದರೆ ಯಾವ ಪ್ರಾಣಿಯ ಮೈಯೂ ಉದ್ದವಾಗುವುದು ಸಹಜ. ಅದು ಕಸುಬಿನ ಹೋಲಿಕೆ, ರಕ್ತಸಂಬಂಧದ್ದಲ್ಲ. ಈ ಎರಡನ್ನು ಬೇರೆ ಮಾಡುವುದನ್ನು ನಮಗೆ ಹೇಳಿಕೊಟ್ಟಿರಲಿಲ್ಲ. ಅದೇ ಪ್ರಬಂಧವನ್ನು ಹೊತ್ತು ನಾವು ತರಗತಿಗೆ ಹೋಗುತ್ತಿದ್ದೇವೆ. ನಮ್ಮ ಪಾಠಯೋಜನೆಯ ನಿರ್ದಿಷ್ಟ ವರ್ತನೆಗಳ ಕಂಬಸಾಲು ನೋಡಿ: ಸ್ಮರಿಸುವನು, ಗುರುತಿಸುವನು, ಪಟ್ಟಿ ಮಾಡುವನು, ವ್ಯತ್ಯಾಸ ತಿಳಿಸುವನು. ‘ಸಾಕ್ಷ್ಯವನ್ನು ತೂಗುವನು’ ಎಂದು ನಾನು ಬರೆದಾಗ ಇದು ಯಾವ ಉದ್ದೇಶದಡಿ ಬರುತ್ತದೆ ಎಂದು ಕೇಳಿದರು. ಅನ್ವಯದಡಿ ಬರಲಿ, ಎಲ್ಲಾದರೂ ಬರಲಿ.

ಇದು ಈಗ ತುರ್ತಾಗಿರುವುದಕ್ಕೆ ಕಾರಣವಿದೆ. ಎನ್‌ಸಿಇಆರ್‌ಟಿ ಪಠ್ಯಭಾರ ಇಳಿಸಿದಾಗ ಒಂಬತ್ತನೇ ತರಗತಿಯ ಜೀವಿ ವೈವಿಧ್ಯದ ಅಧ್ಯಾಯ ಹೋಯಿತು. ಹತ್ತನೇ ತರಗತಿಯ ‘ಅನುವಂಶೀಯತೆ ಮತ್ತು ಜೀವವಿಕಾಸ’ದಲ್ಲಿ ಜೀವವಿಕಾಸ ಹೋಗಿ ಅನುವಂಶೀಯತೆ ಉಳಿಯಿತು. ಆ ಪುಸ್ತಕ ಓದಿದ ಮಗು ಹತ್ತರ ನಂತರ ವಾಣಿಜ್ಯ ಅಥವಾ ಕಲಾ ವಿಭಾಗಕ್ಕೆ ಹೋದರೆ ಎಲ್ಲ ಜೀವಿಗಳಿಗೂ ಸಮಾನ ಪೂರ್ವಜರಿದ್ದಾರೆ ಎಂಬ ಮಾತನ್ನು ಸಾಕ್ಷ್ಯಸಹಿತ ಕೇಳದೆಯೇ ಶಾಲೆ ಮುಗಿಸುತ್ತದೆ. ವಿಜ್ಞಾನಕ್ಕೆ ಬಂದ ಮಗುವಿಗೂ ವಿಕಾಸದ ಪ್ರತ್ಯೇಕ ಅಧ್ಯಾಯ ಸಿಗುವುದು ದ್ವಿತೀಯ ಪಿಯುಸಿಯಲ್ಲಿ. ಪ್ರಥಮ ವರ್ಷ ಪೂರ್ತಿ ಅದು ಪ್ರಾಣಿಗಳನ್ನು ವಂಶಗಳಾಗಿ ವಿಂಗಡಿಸುತ್ತದೆ, ಆ ವಂಶ ಎಂಬ ಪದ ಯಾಕೆ ಬಂತೆಂದು ತಿಳಿಯದೆ. ಕನ್ನಡದಲ್ಲಿ ಈ ವಿಭಾಗಕ್ಕೆ ವಂಶ ಎಂದೇ ಹೆಸರಿಟ್ಟವರು ಯಾರೋ, ಅವರಿಗೆ ನಮಸ್ಕಾರ.

ಪ್ರಶಿಕ್ಷಕರಲ್ಲಿ ನನ್ನ ಕೋರಿಕೆ ಚಿಕ್ಕದು. ಈ ವರ್ಷ ಜೀವಶಾಸ್ತ್ರ ವಿಧಾನದವರು ತಯಾರಿಸುವ ಘಟಕ ಪರೀಕ್ಷೆಯ ನೀಲನಕ್ಷೆಯಲ್ಲಿ ‘ಬೆಲನೋಗ್ಲಾಸಸ್ ಅನ್ನು ಸಂಪರ್ಕ ಕೊಂಡಿ ಎನ್ನಲು ಕಾರಣವೇನು?’ ಎಂಬುದನ್ನು ತೆಗೆದು ಮೂರು ಅಂಕದ ಬೇರೆ ಪ್ರಶ್ನೆ ಇಡಲು ಅವಕಾಶ ಕೊಡಿ. ನಾನು ಬರೆದಿಟ್ಟುಕೊಂಡಿರುವುದು ಇದು: ‘ಒಂದು ಸಮುದ್ರ ಪ್ರಾಣಿಗೆ ಗಂಟಲಲ್ಲಿ ಕಿವಿರು ಸೀಳುಗಳಿವೆ, ನೋಟೋಕಾರ್ಡ್ ಇಲ್ಲ, ಲಾರ್ವಾ ನಕ್ಷತ್ರ ಮೀನಿನ ಲಾರ್ವಾವನ್ನು ಹೋಲುತ್ತದೆ. ಇದನ್ನು ನೀವು ಯಾವ ಗುಂಪಿನ ಹತ್ತಿರ ಇಡುತ್ತೀರಿ? ನಿಮ್ಮ ತೀರ್ಮಾನವನ್ನು ಬದಲಿಸಬಲ್ಲ ಇನ್ನೊಂದು ಸಾಕ್ಷ್ಯ ಯಾವುದು?’ ತೀರ್ಮಾನಕ್ಕೆ ಒಂದು ಅಂಕ, ಕಾರಣಕ್ಕೆ ಒಂದು, ಬದಲಿಸಬಲ್ಲ ಸಾಕ್ಷ್ಯಕ್ಕೆ ಒಂದು. ಉತ್ತರಪತ್ರಿಕೆಗಳನ್ನು ತಿದ್ದುವ ಕೆಲಸ ನನಗೇ ಇರಲಿ.